ಆರು ಒಲೆಯ ಮನೆ

ಈ ಕಥೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ನಿಜಕ್ಕೂ ಹೇಳಬೇಕಾದವರು ಚಳಿಯಲ್ಲಿ ಕಡಲ ಬಂಡೆ ಕೆರೆದ ಹೆಂಗಸರು. ಅವರಿಗೆ ಪುರುಸೊತ್ತಿಲ್ಲ. ಹಗಲು ಬಲೆ ಹೊಲಿದು ಸಂಜೆ ಶಾಲೆಯಲ್ಲಿ ಅಕ್ಷರ ಕಲಿತ ನನ್ನಂಥವರು ಬರೆಯಲು ಕೂತರೆ ಒಂದು ಕಡೆ ಹೆಚ್ಚಾಗುತ್ತದೆ, ಒಂದು ಕಡೆ ಕಮ್ಮಿಯಾಗುತ್ತದೆ. ತಪ್ಪಿದ್ದರೆ ನಮ್ಮ ಕಡಲೂರು ದೋಲ್ಗುಮಿಯ ಹೆಂಗಸರು ಮನ್ನಿಸಬೇಕು. ಧಣಿಯ ಮನೆಯವರು ಮನ್ನಿಸದಿದ್ದರೂ ನಡೆದೀತು.

ಶರತ್ಕಾಲದ ಒಂದು ದಿನ ಮಾಲ್ಸುನ್ ಗುಡ್ಡದಿಂದ ಇಳಿದು ಬಂದಾಗ ಬೆನ್ನ ಮೇಲಿದ್ದದ್ದು ಒಂದು ಹಿಡಿ ಹೊರೆ. ಒಣಗಿ ಬಿದ್ದ ಪೈನ್ ಎಲೆ, ನಾಲ್ಕು ಮುಳ್ಳುಕಡ್ಡಿ, ಅಷ್ಟೇ. ಮರ ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ಕಾಡಿನ ಗಾರ್ಡು ಕುಡುಗೋಲು ಕಿತ್ತುಕೊಳ್ಳುತ್ತಿದ್ದ. ಉದುರಿದ ಎಲೆಯನ್ನು ಬಾಚಲು ಬಿಡುತ್ತಿದ್ದನಾದರೂ ಬಾಚುವವರನ್ನು ಮೇಲಿಂದ ಕೆಳಗೆ ನೋಡುತ್ತಿದ್ದ. ಪೈನ್ ಎಲೆ ಭರ್ರನೆ ಉರಿದು ತಣ್ಣಗಾಗುತ್ತದೆ. ಗಂಜಿ ಒಂದು ಕುದಿ ಬರುವಷ್ಟರಲ್ಲಿ ಹೊರೆ ಅರ್ಧ ಖಾಲಿ. ಒಲೆಯ ಬಿಸಿ ಕೋಣೆಯ ನೆಲದಡಿಗೆ ಹೋಗಿ ಮಲಗುವ ಜಾಗ ಬೆಚ್ಚಗಾಗಬೇಕಾದರೆ ಇನ್ನರ್ಧವೂ ಬೇಕು.

ಅದಕ್ಕೇ ಹಿಂದಿನ ಚಳಿಗಾಲದಲ್ಲಿ ಅತ್ತೆ ಸೊಸೆ ಒಂದೇ ಒಲೆಗೆ ಬಂದಿದ್ದರು.

ಮಾಲ್ಸುನ್‌ಳ ಮನೆ ಈ ಕಡೆ. ಮಗ ದೋಕ್ಸು ಮದುವೆಯಾದ ಮೇಲೆ ಕಟ್ಟಿಕೊಂಡ ಮನೆ ನಡುಗೋಡೆಯ ಆ ಕಡೆ. ಎರಡು ಮನೆ, ಎರಡು ಒಲೆ. ದೋಕ್ಸು ಊರಿನ ಧಣಿ ಗು ಮಾನ್ಸೋಕ್‌ನ ದೊಡ್ಡ ದೋಣಿಯಲ್ಲಿ ಕಡಲಿಗೆ ಹೋಗಿ, ಹಿಂತಿರುಗಲಿಲ್ಲ. ಗಾಳಿ ಎದ್ದಿದೆ, ಬೇಡ ಅಂದವನನ್ನು ಧಣಿಯೇ ಕಳಿಸಿದ್ದ. ಧಣಿ ಅತ್ತ. ಒಂದು ಮೂಟೆ ಬಾರ್ಲಿ ಕಳಿಸಿದ. ಅದಾದ ಮೇಲೆ ಸೊಸೆ ಯೋನ್‌ಸಿಲ್ ಮಗು ಕುಮ್ಜಾಳನ್ನು ಬೆನ್ನಿಗೆ ಕಟ್ಟಿಕೊಂಡು, ಹಾಸಿಗೆ ಹೊತ್ತುಕೊಂಡು ಈ ಕಡೆ ಬಂದಳು. ಎರಡು ಒಲೆ ಉರಿಸುವಷ್ಟು ಸೌದೆ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಇರುವಷ್ಟು ಧೈರ್ಯವೂ ಇರಲಿಲ್ಲ.

ಒಟ್ಟಿಗೆ ಉಂಡರು, ಒಟ್ಟಿಗೆ ಮಲಗಿದರು, ಒಟ್ಟಿಗೆ ಅತ್ತರು. ಅದೇ ತಪ್ಪಾಯಿತು.

ಮಾಲ್ಸುನ್ ಹೊರೆ ಇಳಿಸುತ್ತಿದ್ದಾಗ ಉಲ್ಜಿನಕ್ಕ ಬಂದಳು. ಉಲ್ಜಿನ್ ಕಡೆಯಿಂದ ಮದುವೆಯಾಗಿ ಬಂದವಳು, ನೀರಿಗೆ ಮುಳುಗಿ ಶಂಖ ಚಿಪ್ಪು ತೆಗೆಯುವವಳು. ಅವಳ ಉಸಿರೂ ಉದ್ದ, ನಾಲಿಗೆಯೂ ಉದ್ದ.

"ದೋಕ್ಸೂನವ್ವಾ, ಕೂತ್ಕೊ. ನಿಂತ್ಕೊಂಡು ಕೇಳೋ ಸುದ್ದಿ ಅಲ್ಲ ಇದು."

"ಹೊರೆ ಇಳಿಸ್ತಾ ಇದೀನಿ, ಹೇಳೇ."

"ಇವತ್ತು ಗಂಡಸರೆಲ್ಲ ಸೇರಿದ್ರು. ಈ ಸಲದ ಬಂಡೆ ಹಂಚೋ ಮಾತು. ಧಣಿ ಏನಂದ ಗೊತ್ತಾ? 'ದೋಕ್ಸೂನ ಮನೆ ಹೊಗೆ ಸತ್ತೋಗದೆ. ಹೋದ ಚಳೀಲಿ ಒಂದು ದಿನಾನೂ ಹೊಗೆ ಕಾಣ್ಲಿಲ್ಲ. ಹೊಗೆ ಇಲ್ದಿರೋ ಮನೆಗೆ ಬಂಡೆ ಯಾಕೆ?' ಅಂದ."

ಮಾಲ್ಸುನ್‌ಳ ಕೈ ಹಗ್ಗದ ಗಂಟಿನಲ್ಲೇ ನಿಂತಿತು.

"ಯಾರೂ ಏನೂ ಅನ್ನಲಿಲ್ವಾ?"

"ಅಂದ್ರು. 'ಹೂಂ' ಅಂದ್ರು."

ದೋಲ್ಗುಮಿಯಲ್ಲಿ ಮನೆ ಎಂದರೆ ಗೋಡೆಯಲ್ಲ, ಮಾಡೂ ಅಲ್ಲ. ಮನೆ ಎಂದರೆ ಒಲೆ. ಕಡಲಸೊಪ್ಪು ಬೆಳೆಯುವ ಬಂಡೆಗಳು ಇಡೀ ಊರಿನವು. ಶರತ್ಕಾಲ ಕಳೆಯುವ ಹೊತ್ತಿಗೆ ಒಂದು ಬೆಳಗು ಹಿರಿಯರು ಗುಡಿಯ ದಿಬ್ಬ ಹತ್ತಿ ನಿಂತು ಕೆಳಗಿನ ಹೊಗೆ ಎಣಿಸುತ್ತಾರೆ. ಹೊಗೆಗೆ ಒಂದು ಚೀಟಿ, ಚೀಟಿಗೆ ಒಂದು ಬಂಡೆ. ಚೀಟಿ ಎಂದರೆ ಕಾಗದವಲ್ಲ, ಬಂಡೆಯ ಗುರುತು ಕೊರೆದ ಚಿಪ್ಪು. ಸೋರೆಬುರುಡೆಯೊಳಗೆ ಹಾಕಿ ಕುಲುಕಿ ಎತ್ತುವುದು. ಬಂದ ಬಂಡೆಯನ್ನು ಚಳಿಗಾಲದಲ್ಲಿ ಕೆರೆದು ಚೊಕ್ಕ ಮಾಡಿದರೆ ವಸಂತದಲ್ಲಿ ಸೊಪ್ಪು ಏಳುತ್ತದೆ. ದೋಣಿ ಇಲ್ಲದವರಿಗೆ ವರ್ಷದ ಅನ್ನ ಅದೇ. ಇದನ್ನು ಮಾಡಿದ ಮುತ್ತಜ್ಜಂದಿರು ನ್ಯಾಯವಂತರೇ ಇರಬೇಕು. ಹೊಗೆ ಎಲ್ಲರಿಗೂ ಕಾಣುತ್ತದೆ, ಹೊಗೆಯನ್ನು ಬಚ್ಚಿಡಲು ಆಗುವುದಿಲ್ಲ ಅಂದುಕೊಂಡಿದ್ದರು. ಹೊಗೆಯನ್ನು ಹುಟ್ಟಿಸಬಹುದು ಅನ್ನುವುದು ಅವರಿಗೆ ಹೊಳೆಯಲಿಲ್ಲ. ಅವರ ಕಾಲದಲ್ಲಿ ಗು ಮಾನ್ಸೋಕ್ ಹುಟ್ಟಿರಲಿಲ್ಲವಲ್ಲ.

ಗು ಧಣಿಯ ಮನೆಯಲ್ಲಿ ಮೊದಲು ಒಂದೇ ಹೊಗೆ ಇತ್ತು. ಒಂದು ವರ್ಷ ದೊಡ್ಡ ಮಗ ಬೇರೆಯಾದ. ಅಂಗಳದ ಮೂಲೆಯಲ್ಲಿ ಒಂದು ಒಲೆ ಹಾಕಿದರು. ಬೇರೆಯಾದ ಮಗ ರಾತ್ರಿ ಊಟಕ್ಕೆ ಅಪ್ಪನ ಪಕ್ಕದಲ್ಲೇ ಕೂರುತ್ತಿದ್ದ. ಆಮೇಲೆ ಎರಡನೆಯವನೂ ಬೇರೆಯಾದ. ಆಮೇಲೆ ಸೋಲ್ ಪಟ್ಟಣದ ಶಾಲೆಯಲ್ಲಿ ಓದುತ್ತಿದ್ದ ಕಿರಿಯವನು ಬೇರೆಯಾದ. ಹುಡುಗ ಅಲ್ಲಿ, ಅವನ ಒಲೆ ಇಲ್ಲಿ. ಒಲೆ ಹೊಗೆಯಾಡುತ್ತಿತ್ತು, ಹುಡುಗ ಹಾಸ್ಟೆಲಿನ ಅನ್ನ ಸೇರುವುದಿಲ್ಲ ಎಂದು ಗೊಣಗುತ್ತಿದ್ದ.

ಅದರ ಮುಂದಿನ ವರ್ಷ ಧಣಿಯೂ ಧಣಿಯ ಹೆಂಡತಿಯೂ ಬೇರೆಯಾದರು. ಊರ ಹೆಂಗಸರು ಪಾಪ ಅಂದುಕೊಂಡು ಸಮಾಧಾನ ಹೇಳಲು ಹೋದರು. ಆಯಮ್ಮ ಗಂಡನಿಗೆ ಮೀನು ಹುರಿಯುತ್ತಿದ್ದಳು. "ಏನಮ್ಮಾ, ಹೀಗಾಯ್ತಲ್ಲ" ಅಂದರು. "ಹೂಂ, ಏನ್ಮಾಡೋದು, ಹಣೆಬರಹ. ಜರುಗಿ, ಅವ್ರಿಗೆ ಊಟದ ಹೊತ್ತಾಯ್ತು" ಅಂದಳು.

ಈ ವರ್ಷ ಧಣಿ ತನ್ನ ತಾಯಿಯನ್ನೂ ಬೇರೆ ಮಾಡಿದ್ದ. ಹಿರಿಯಜ್ಜಿಗೆ ಬಲೆ ಇಡುವ ಕೊಟ್ಟಿಗೆ, ಕೊಟ್ಟಿಗೆಗೊಂದು ಒಲೆ. ಆರು ಒಲೆ, ಆರು ಬಂಡೆ. ಕುಟುಂಬ ಇಷ್ಟು ಚೂರಾದರೂ ಇಷ್ಟು ದಪ್ಪವಾಗುತ್ತಾ ಹೋದದ್ದನ್ನು ದೋಲ್ಗುಮಿ ಹಿಂದೆ ಕಂಡಿರಲಿಲ್ಲ. ಅವನ ಬಂಡೆಗಳನ್ನು ಪ್ರತಿ ಚಳಿಗಾಲ ಕೆರೆಯುತ್ತಿದ್ದವರು ಮಾತ್ರ ಬೇರೆಯವರು: ಮಾಲ್ಸುನ್, ಉಲ್ಜಿನಕ್ಕ, ಅವರಂಥ ಹತ್ತು ಹದಿನೈದು ಹೆಂಗಸರು. ಧಣಿ ಬೇಸಿಗೆಯಲ್ಲಿ ಸಾಲವಾಗಿ ಕೊಟ್ಟ ಕಾಳಿಗೆ ಚಳಿಗಾಲದ ಕೈಗಳು ಮೊದಲೇ ಅಡವಾಗಿಬಿಡುತ್ತಿದ್ದವು.

ಉಲ್ಜಿನಕ್ಕ ಹೋದ ಮೇಲೆ ಯೋನ್‌ಸಿಲ್ ಒಳಗಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅತ್ತೆ, ನಮ್ಮಣ್ಣ ಹೇಳಿ ಕಳಿಸವ್ನೆ. ಪೂಸಾನಲ್ಲಿ ರಬ್ಬರ್ ಚಪ್ಲಿ ಫ್ಯಾಕ್ಟರೀಲಿ ಕೆಲ್ಸ ಐತಂತೆ. ಹೊಸವರ್ಷ ಕಳೀತಿದ್ದಂಗೆ ಬಾ ಅಂದವ್ನೆ."

"ಮಗು?"

"ಮಗೂನ ಕರ್ಕೊಂಡು ಬಂದ್ರೆ ಒಳಗೇ ಸೇರಿಸಲ್ವಂತೆ."

ಮಾಲ್ಸುನ್ ಲೆಕ್ಕ ಹಾಕಿದಳು. ಒಂದು ಬಂಡೆಯ ಸೊಪ್ಪಿನಲ್ಲಿ ಮೂರು ಹೊಟ್ಟೆ ತುಂಬುವುದಿಲ್ಲ. ಎರಡು ಬಂಡೆಯಿದ್ದರೆ ಹೇಗೋ ಆಗುತ್ತದೆ. ಮಗನನ್ನು ಕಡಲು ತೆಗೆದುಕೊಂಡಿತು. ಸೊಸೆಯನ್ನು ಈಗ ಚಪ್ಪಲಿ ತೆಗೆದುಕೊಂಡು ಹೋಗುತ್ತದೆ. ಮಗು ಅಮ್ಮ ಎಲ್ಲಿ ಅಂದರೆ ಯಾವ ಕಡೆಗೆ ಕೈ ತೋರಿಸುವುದು?

"ನಾನು ಧಣಿ ಹತ್ರ ಹೋಗಿ ಬರ್ತೀನಿ" ಅಂದಳು.

ಧಣಿಯ ಮನೆಯಲ್ಲಿ ಅದು ಊಟದ ಹೊತ್ತು. ಬೇರೆಯಾದ ದೊಡ್ಡ ಮಗ, ಬೇರೆಯಾದ ಎರಡನೇ ಮಗ, ಅವರ ಹೆಂಡಿರು, ಮೊಮ್ಮಕ್ಕಳು, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಂದೇ ಹಂಡೆಯ ಅನ್ನ ಉಣ್ಣುತ್ತಿದ್ದರು. ಬಿಳಿ ಅನ್ನ. ಬೇರೆಯಾದ ಹೆಂಡತಿ ಧಣಿಯ ಮುಂದೆ ಮೀನಿನ ಮುಳ್ಳು ಬಿಡಿಸಿ ಇಡುತ್ತಿದ್ದಳು.

"ಬಾ ದೋಕ್ಸೂನವ್ವಾ, ಬಾ" ಅಂದ ಧಣಿ. ಹೊಸ್ತಿಲ ಆಚೆಗೇ ನಿಲ್ಲಿಸಿ ಬಾ ಬಾ ಅನ್ನುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. "ನಿನ್ನ ಕಂಡ್ರೆ ನನ್ನ ಕರುಳು ಚುರ್ ಅಂತದೆ. ದೋಕ್ಸು ನಂಗೆ ಮಗ ಇದ್ದಂಗಿದ್ದ."

"ಯಜಮಾನ್ರೆ, ಅವನ ಒಲೆ ಲೆಕ್ಕದಿಂದ ತೆಗೀಬ್ಯಾಡಿ. ಸೊಸೆ ಸೌದೆ ಇಲ್ದೆ ನನ್ನ ಹತ್ರ ಬಂದವ್ಳೆ ಅಷ್ಟೆ. ಮನೆ ಅಲ್ಲೇ ಐತೆ, ಒಲೆ ಅಲ್ಲೇ ಐತೆ."

ಧಣಿ ಉಣ್ಣುವ ಕಡ್ಡಿ ಕೆಳಗಿಟ್ಟ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಹೀಗೆ ಬರೆಯುವಾಗ ಸುಳ್ಳು ಅನ್ನಿಸೀತು, ಆದರೆ ಅವನ ಕಣ್ಣು ಬೇಕೆಂದಾಗ ಒದ್ದೆಯಾಗುತ್ತಿದ್ದದ್ದಕ್ಕೆ ಇಡೀ ಊರೇ ಸಾಕ್ಷಿ.

"ಅತ್ತೆ ಸೊಸೆ ಒಂದೇ ಒಲೇಲಿ ಉಣ್ಣೋದು ಅಂದ್ರೆ ಸಣ್ಣ ಮಾತೇನಮ್ಮಾ? ಈ ಕಾಲದಲ್ಲಿ ಎಲ್ಲೈತೆ ಇಂಥ ಒಗ್ಗಟ್ಟು? ನಮ್ಮನೆ ನೋಡು. ಹಾಳಾಗೋಯ್ತು. ಆರು ಒಲೆ! ನನ್ನ ಹೆಂಡ್ತಿ ಕೂಡ ನನ್ನ ಜೊತೆ ಇಲ್ಲ."

"ಇನ್ನೊಂದ್ಚೂರು ಮೀನು ಹಾಕ್ಲಾ?" ಅಂದಳು ಹೆಂಡತಿ.

"ಹಾಕು. ನೋಡಮ್ಮಾ, ನಿಮ್ಮಂಥ ಒಗ್ಗಟ್ಟಿನ ಮನೇನ ಒಡೆದು ಎರಡು ಮಾಡಿದ ಪಾಪ ನನಗೆ ಬ್ಯಾಡ. ಒಂದಾಗಿ ಬಾಳಿ. ಒಂದು ಬಂಡೆ ಸಾಕು."

ಮಾಲ್ಸುನ್ ತಲೆಬಾಗಿ ಹಿಂದಿರುಗಿದಳು. ಬರುತ್ತಾ ಕೊಟ್ಟಿಗೆಯ ಮುಂದೆ ಹಾಯಬೇಕು. ಅಲ್ಲಿ ಹಿರಿಯಜ್ಜಿ ಒಬ್ಬಳೇ ಬಿಸಿಲಿಗೆ ಕೂತು ಒಣಗಿದ ಗೆಣಸಿನ ಹೋಳನ್ನು ಬಾಯಲ್ಲಿ ನೆನೆಸುತ್ತಿದ್ದಳು. ಹಲ್ಲಿರಲಿಲ್ಲ.

"ಅಜ್ಜಿ, ಊಟಕ್ಕೆ ಹೋಗಲ್ವಾ? ಎಲ್ಲಾ ಕೂತವ್ರೆ."

"ಕರೀಲಿಲ್ಲ ಕಣೇ" ಅಂದಳು ಅಜ್ಜಿ. "ಮೊದಲು ಮೊದಲು ಕರೀತಿದ್ರು. ಆಮೇಲೆ ಸೊಸೆ 'ನಿಮ್ಮ ಒಲೆ ಬೇರೆ ಅಲ್ವಾ ಅತ್ತೆ' ಅಂತ ನಗಾಡಿದ್ಲು. ಆಮೇಲೆ ನಗಾಡೋದೂ ಬಿಟ್ಲು, ಕರಿಯೋದೂ ಬಿಟ್ಲು."

ಹೊಗೆ ಎಣಿಸುವ ದಿನ ಬಂತು. ಬೆಳಕು ಹರಿಯುವ ಮುಂಚೆಯೇ ಮಾಲ್ಸುನ್ ಸೊಸೆಯನ್ನು ಎಬ್ಬಿಸಿದಳು.

"ನಿನ್ನ ಒಲೆ ಹಚ್ಚು."

"ಏನು ಹಾಕಿ ಹಚ್ಚಲಿ ಅತ್ತೆ?"

ಮಾಲ್ಸುನ್ ಹಿತ್ತಲಿಗೆ ಹೋಗಿ ದೋಕ್ಸುವಿನ ಹಳೇ ಹುಟ್ಟು ತಂದಳು. ಅವನು ಸಣ್ಣ ದೋಣಿಯಲ್ಲಿ ಹೋಗುತ್ತಿದ್ದ ಕಾಲದ್ದು. ಹಿಡಿಯ ಜಾಗ ಅವನ ಅಂಗೈಗೆ ಸವೆದು ಸಣ್ಣಗಾಗಿತ್ತು. ಯೋನ್‌ಸಿಲ್ ಅದನ್ನು ನೋಡಿ ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಮಾಲ್ಸುನ್ ತಾನೇ ಕೊಡಲಿ ಎತ್ತಿ ಸೀಳಿದಳು.

"ಅವನಿದ್ದಿದ್ರೂ ಇದನ್ನೇ ಮಾಡ್ತಿದ್ದ. ಹಚ್ಚು."

ತನ್ನ ಹಂಡೆಗೆ ಇದ್ದ ಬಾರ್ಲಿ ಹಾಕಿದಳು. ಸೊಸೆಯ ಹಂಡೆಗೆ ಹಾಕಲು ಕಾಳು ಉಳಿಯಲಿಲ್ಲ. ನೀರು ಹಾಕಿ, ಒಣಗಿದ ಮೂಲಂಗಿ ಸೊಪ್ಪು ಹಾಕಿ, ಮುಚ್ಚಳ ಮುಚ್ಚಿದರು. ನಡುಗೋಡೆಯ ಆಚೆಗೊಂದು ಈಚೆಗೊಂದು ಹೊಗೆ ಎದ್ದವು. ಒಂದು ವರ್ಷದ ಮೇಲೆ ಆ ಮಾಡಿನ ಮೇಲೆ ಹೊಗೆ. ಯೋನ್‌ಸಿಲ್ ಅಂಗಳದಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು.

ದಿಬ್ಬದ ಮೇಲೆ, ಊರಿಗೆ ತೀರ್ಪು ಹೇಳುವ ಪ್ಯೋನ್ ಹಿರಿಯರು ಕುದುರೆಕೂದಲ ಟೋಪಿ ಇಟ್ಟು, ಉದ್ದ ಚಿಲುಮೆ ಹಿಡಿದು ನಿಂತಿದ್ದರು. ಓದಿದವರು, ಮಾತಿಗೆ ಮಾತು ಜೋಡಿಸಿ ಕಟ್ಟುವವರು. ಅವರ ಮಗನ ದೋಣಿಗೆ ಧಣಿಯ ಸಾಲದ ಎಂಜಿನು ಇತ್ತು. ಅದನ್ನು ಯಾರೂ ಆಡಿ ತೋರಿಸುತ್ತಿರಲಿಲ್ಲ. ಪಕ್ಕದಲ್ಲಿ ಧಣಿ. ಹಿಂದೆ ಊರು.

"ದೋಕ್ಸೂನ ಮನೆ" ಅಂದರು ಹಿರಿಯರು. "ಹೊಗೆ ಐತಲ್ಲ."

"ಇವತ್ತಿಗೆ ಎಬ್ಬಿಸಿರೋ ಹೊಗೆ ಹಿರಿಯರೆ" ಅಂದ ಧಣಿ. "ಹುಲ್ಲು ಸುಟ್ರೂ ಹೊಗೆ ಬರತ್ತೆ. ಒಲೆ ಮೇಲೆ ಅಡುಗೆ ಬೇಯ್ತಾ ಇರಬೇಕು. ಹೋಗಿ ಮುಚ್ಚಳ ಎತ್ತಿ ನೋಡೋಣ. ಅನುಮಾನ ಯಾಕೆ?"

ದೋಲ್ಗುಮಿಯ ಇತಿಹಾಸದಲ್ಲಿ ಯಾರೂ ಯಾರ ಮುಚ್ಚಳವನ್ನೂ ಎತ್ತಿರಲಿಲ್ಲ. ಬಡವರು ತಮ್ಮ ಹಂಡೆಯಲ್ಲಿ ಏನಿಲ್ಲ ಅನ್ನುವುದನ್ನು ಮುಚ್ಚಿಕೊಳ್ಳಲೆಂದೇ ಮುಚ್ಚಳ ಇರುವುದು. ಧಣಿಗೆ ಅದರ ನೆನಪಿರಲಿಲ್ಲ. ತನ್ನ ಮನೆಯಲ್ಲೂ ಮುಚ್ಚಳಗಳಿವೆ ಅನ್ನುವ ನೆನಪೂ ಆ ಗಳಿಗೆಯಲ್ಲಿ ತಪ್ಪಿತು.

ಉಲ್ಜಿನಕ್ಕ ಮಾತ್ರ ಹಿಂದಿನಿಂದ ಕೂಗಿದಳು. "ಧಣಿ ಅಂದದ್ದು ನ್ಯಾಯ! ಎಲ್ಲಾರ ಮುಚ್ಚಳಾನೂ ಎತ್ತಾನ. ಧಣಿ ಮನೆಯಿಂದ್ಲೇ ಶುರು ಮಾಡಾನ, ದೊಡ್ಡೋರು ಮೊದ್ಲು!"

"ಹೌದೌದು, ದೊಡ್ಡೋರು ಮೊದ್ಲು!" ಅಂದರು ಹೆಂಗಸರು. ಹೇಳಿ ಮುಗಿಯುವ ಮೊದಲೇ ಇಳಿಯತೊಡಗಿದರು. ಹಿರಿಯರು ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅರ್ಧ ಊರು ಧಣಿಯ ಅಂಗಳದಲ್ಲಿತ್ತು.

ದೊಡ್ಡ ಹಂಡೆಯಲ್ಲಿ ಅನ್ನ ಬೇಯುತ್ತಿತ್ತು. ಇಡೀ ಸಂಸಾರಕ್ಕಾಗುವಷ್ಟು. ಅದರ ಮೇಲೆ ಯಾರಿಗೂ ತಕರಾರಿರಲಿಲ್ಲ.

ದೊಡ್ಡ ಮಗನ ಒಲೆ. ಉಲ್ಜಿನಕ್ಕ ಮುಚ್ಚಳ ಎತ್ತಿದಳು. ಖಾಲಿ. ಕೆಳಗೆ ಒಳ್ಳೇ ಓಕ್ ಮರದ ಸೌದೆ ಧಗಧಗ ಉರಿಯುತ್ತಿತ್ತು, ಮೇಲೆ ಹಂಡೆ ಬಾಯಾರಿ ಕೆಂಪಾಗುತ್ತಿತ್ತು. ಎರಡನೇ ಮಗನದೂ ಖಾಲಿ. ಕಿರಿಯವನದು ಖಾಲಿ.

"ಇವನೆಲ್ಲಿ?" ಅಂದರು ಹಿರಿಯರು, ಕೇಳದೆ ವಿಧಿಯಿಲ್ಲದೆ.

"ಸೋಲ್‌ನಲ್ಲಿ" ಅಂದ ಧಣಿ.

"ಒಲೆ?"

"ಇಲ್ಲಿ."

"ಊಟ?"

"ಅಲ್ಲಿ."

"ಸೋಲ್‌ನಿಂದ ಇಲ್ಲೀವರ್ಗೂ ಕೈ ಚಾಚ್ತಾನಾ ಹುಡುಗ? ಅಪ್ಪನ ಕೈ ಬಂದೈತೆ ಬಿಡಿ" ಅಂದಳು ಉಲ್ಜಿನಕ್ಕ. ನಗು ಎದ್ದಿತು.

ಬೇರೆಯಾದ ಹೆಂಡತಿಯ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಧಣಿ ನೆಮ್ಮದಿಯ ಉಸಿರು ಬಿಟ್ಟ. ಮುಚ್ಚಳ ಎತ್ತಿದರೆ ಬಟ್ಟೆ. ಬೂದಿನೀರಿನಲ್ಲಿ ಬೇಯುತ್ತಿದ್ದ ಬಿಳಿ ಚಲ್ಲಣಗಳು. ಉಲ್ಜಿನಕ್ಕ ಕೋಲಿನಲ್ಲಿ ಒಂದನ್ನು ಎತ್ತಿ ಹಿಡಿದಳು. ಅಷ್ಟು ಅಗಲದ ಸೊಂಟ ದೋಲ್ಗುಮಿಯಲ್ಲಿ ಒಂದೇ ಇದ್ದದ್ದು.

"ಗಂಡ ಬ್ಯಾರೆ, ಚಲ್ಲಣ ಒಟ್ಟಿಗೆ!" ಅಂದಳು.

ಗಂಡಸರೂ ನಕ್ಕರು. ಧಣಿಯ ಸಾಲವಿದ್ದವರು ಮುಖ ತಿರುಗಿಸಿಕೊಂಡು ನಕ್ಕರು.

ಕಡೆಗೆ ಕೊಟ್ಟಿಗೆ. ಹಿರಿಯಜ್ಜಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹಂಡೆಯಲ್ಲಿ ಒಂದು ಹಿಡಿ ಬಾರ್ಲಿ, ಗೆಣಸಿನ ಹೋಳು, ಕುದಿಯುತ್ತಿದ್ದ ತೆಳು ಗಂಜಿ. ಮೂಲೆಯಲ್ಲಿ ಒಂದು ಬಟ್ಟಲು, ಒಂದು ಚಮಚ. ಇಷ್ಟು ಜನ ಬಂದದ್ದಕ್ಕೆ ಅವಳು ಗಾಬರಿಯಾಗಲಿಲ್ಲ.

"ಇನ್ನೂ ಬೆಂದಿಲ್ಲ" ಅಂದಳು. "ಯಾರ್ಯಾರಿಗೆ ಬೇಕು?"

ಯಾರೂ ನಗಲಿಲ್ಲ.

ಅಲ್ಲಿಂದ ಯೋನ್‌ಸಿಲ್‌ಳ ಒಲೆಗೆ ಬಂದರು. ಈ ಸಲ ಮುಚ್ಚಳ ಎತ್ತಿದ್ದು ಧಣಿಯೇ. ನೀರು, ಅದರಲ್ಲಿ ತೇಲುವ ಮೂಲಂಗಿ ಸೊಪ್ಪು. ಯೋನ್‌ಸಿಲ್ ತಲೆ ತಗ್ಗಿಸಿದಳು. ಮಾಲ್ಸುನ್ ತಗ್ಗಿಸಲಿಲ್ಲ. ಒಲೆಯಲ್ಲಿ ಹುಟ್ಟಿನ ಹಿಡಿ ಇನ್ನೂ ಉರಿಯುತ್ತಿತ್ತು, ಅವಳು ಅದನ್ನು ನೋಡುತ್ತಿದ್ದಳು.

ಈಗ ತೀರ್ಪು ಹೇಳಬೇಕಾದವರು ಪ್ಯೋನ್ ಹಿರಿಯರು. ಅವರು ಚಿಲುಮೆಯನ್ನು ಒಮ್ಮೆ ಎಳೆದರು, ಗಂಟಲು ಸರಿ ಮಾಡಿಕೊಂಡರು. ಓದಿದ ವಿದ್ಯೆಯೆಲ್ಲ ಆ ಗಳಿಗೆಯಲ್ಲಿ ಉಪಯೋಗಕ್ಕೆ ಬಂತು.

"ಖಾಲಿ ಹಂಡೆ ಅಂದ್ರೇನು? ಉಂಡು ಮುಗಿಸವ್ರೆ ಅಂತ ಅರ್ಥ. ಉಂಡ ಮನೆ ಮನೆಯೇ. ಬಟ್ಟೆ ಅಂದ್ರೇನು? ಬಟ್ಟೆ ಇದ್ಮೇಲೆ ಉಡೋ ಮನುಷ್ಯ ಇರ್ಲೇಬೇಕು. ಮನುಷ್ಯ ಇದ್ಮೇಲೆ ಅದು ಮನೆಯೇ. ಓದೋ ಹುಡುಗನ ಒಲೆ ಆರಿಸಿದ್ರೆ ವಿದ್ಯೆಗೆ ಅವಮಾನ. ಹಿರಿಯಜ್ಜಿದಂತೂ ಕಣ್ಣಾರೆ ಕಂಡ ಒಲೆ. ಅಲ್ಲಿಗೆ ಆರೂ ಸರಿ. ಆರೂ ಬೇರೆ ಬೇರೆ ಮನೆ."

"ಮತ್ತೆ ಇದು?" ಅಂದಳು ಮಾಲ್ಸುನ್.

"ಇದ್ರಲ್ಲಿ ಕಾಳೆಲ್ಲಿ ತಾಯಿ? ಕಾಳಿಲ್ದೆ ಊಟ ಅಲ್ಲ. ಊಟ ಇಲ್ದೆ ಒಲೆ ಅಲ್ಲ. ಒಲೆ ಇಲ್ದೆ ಮನೆ ಅಲ್ಲ."

"ಅವ್ರ ಹಂಡೇಲಿ ನೀರೂ ಇರಲಿಲ್ಲ ಹಿರಿಯರೆ."

"ಅದು ಹೊಟ್ಟೆ ತುಂಬಿದ ಖಾಲಿ. ಇದು ಹೊಟ್ಟೆ ಹಸಿದ ಖಾಲಿ. ಎರಡೂ ಒಂದೇ ಆಗತ್ತಾ?"

ಮಾಲ್ಸುನ್ ಮುಚ್ಚಳವನ್ನು ಮತ್ತೆ ಹಂಡೆಯ ಮೇಲೆ ಮುಚ್ಚಿದಳು. ಅವಳು ಸಭೆಯಲ್ಲಿ ಮಾತಾಡಿದವಳಲ್ಲ. ಮಾತಾಡಿದಾಗಲೂ ದನಿ ಏರಿಸಲಿಲ್ಲ.

"ಆಗಲ್ಲ ಹಿರಿಯರೆ. ಒಪ್ಪಿದೆ. ನಮ್ಮ ಖಾಲೀನ ನೀವು ನೋಡಿದ್ರಲ್ಲ, ಅಷ್ಟು ಸಾಕು. ಆದ್ರೆ ಊರ ಮುಂದೆ ಇನ್ನೊಂದು ಮಾತು ಹೇಳಿಬಿಡಿ. ಆರೂ ಬ್ಯಾರೆ ಬ್ಯಾರೆ ಮನೆ ತಾನೆ?"

"ಹೇಳಿದ್ನಲ್ಲಮ್ಮ. ಬೇರೆ ಬೇರೆ."

"ಹಂಗಾದ್ರೆ ಆರು ಮನೇಲೂ ಬಂಡೆ ಕೆರಿಯೋ ಕೈ ಇರಬೇಕಲ್ಲ. ಒಲೆಗೊಂದು ಕೈ ಅನ್ನೋದೂ ಮುತ್ತಜ್ಜಂದಿರ ಮಾತೇ. ನಾನು ಈ ಚಳೀಲಿ ನನ್ನ ಬಂಡೆ ಕೆರೀತೀನಿ. ಬ್ಯಾರೆಯವ್ರದ್ದು ಮುಟ್ಟಲ್ಲ."

"ನಾನೂ ಮುಟ್ಟಲ್ಲ" ಅಂದಳು ಉಲ್ಜಿನಕ್ಕ. "ನಾನೂ." "ನಾನೂ ಅಷ್ಟೆ ಕಣವ್ವ." ಹಿಂದೆ ಇದ್ದವರ ದನಿ ಒಂದೊಂದಾಗಿ ಬಂತು. ಕಾಳು ತಂದವರು ಕಾಳು ವಾಪಸು ಕೊಡ್ತೀವಿ ಅಂದರು. ಎಲ್ಲಿಂದ ಕೊಡುತ್ತಾರೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲ.

ಧಣಿ ಅದನ್ನು ನಗುತ್ತಲೇ ಕೇಳಿದ. ಹೆಂಗಸರ ಸಿಟ್ಟು ಗಂಜಿಯ ಹೊತ್ತಿಗೆ ಇಳಿಯುತ್ತದೆ ಅಂದುಕೊಂಡಿರಬೇಕು.

ಚೀಟಿ ಎತ್ತುವುದು ದಂಡೆಯ ಮೇಲೆ. ಸೋರೆಬುರುಡೆಯ ಸುತ್ತ ಊರು ಕೂತಿತು. ಮಾಲ್ಸುನ್ ತನ್ನ ಒಂದು ಚಿಪ್ಪು ಎತ್ತಿದಳು. ಬೋಳುಬಂಡೆ. ಹೆಸರಿಗೆ ತಕ್ಕ ಬಂಡೆ. ಕೆರೆದಷ್ಟೂ ಕೈ ಒಡೆಯುತ್ತದೆ, ಸೊಪ್ಪು ಮಾತ್ರ ಬೋಳನ ತಲೆಯ ಕೂದಲಿನ ಹಾಗೆ ಅಲ್ಲೊಂದು ಇಲ್ಲೊಂದು. ಯೋನ್‌ಸಿಲ್ ಅತ್ತೆಯ ಕೈಯಲ್ಲಿದ್ದ ಚಿಪ್ಪನ್ನು ನೋಡಿ ಮಗುವನ್ನು ಬೆನ್ನ ಮೇಲೆ ಬಿಗಿಯಾಗಿ ಕಟ್ಟಿಕೊಂಡಳು. ಪೂಸಾನಿಗೆ ಹೋಗುವವಳ ಹಾಗೆ ಅಲ್ಲ, ಹೋಗಲಾರದವಳ ಹಾಗೆ.

ಧಣಿ ಪ್ರತಿ ವರ್ಷದ ಹಾಗೆ ತೋಳು ಮಡಚಿ ಬಂದು ಕೂತ. ತನ್ನದು ಎತ್ತಿದ. ಹೆಂಡತಿಯದು ಎತ್ತಿದ. ದೊಡ್ಡ ಮಗನದು, ಎರಡನೆಯವನದು, ಕಿರಿಯವನದು. ಚಿಪ್ಪುಗಳನ್ನು ಒಂದರ ಮೇಲೊಂದು ತನ್ನ ಮಡಿಲಲ್ಲೇ ಇಟ್ಟುಕೊಂಡ. ಆರನೆಯದಕ್ಕೆ ಕೈ ಹಾಕಿದ.

"ಅದು ನಂದು" ಅಂತ ಕೇಳಿಸಿತು.

ಹಿರಿಯಜ್ಜಿ ಕೋಲೂರಿಕೊಂಡು ದಂಡೆಯವರೆಗೆ ಬಂದಿದ್ದಳು. ಅವಳನ್ನು ಕರೆತಂದವರು ಯಾರೂ ಇರಲಿಲ್ಲ.

"ಅಮ್ಮಾ, ಚಳಿ. ನೀನ್ಯಾಕೆ ಬಂದೆ? ನಾನು ಎತ್ತಿ ಕೊಡ್ತೀನಿ."

"ನಂಗೆ ಕೈ ಐತೆ ಕಣೋ ಮಾನ್ಸೋಕ."

ಬುರುಡೆಯೊಳಗೆ ಕೈ ಇಳಿಸಿದಳು. ಎಷ್ಟೋ ಹೊತ್ತು ತಡಕಾಡಿದಳು. ಚಿಪ್ಪು ಎತ್ತಿ ಪ್ಯೋನ್ ಹಿರಿಯರ ಕೈಗೆ ಕೊಟ್ಟಳು. "ಕಣ್ಣು ಕಾಣಲ್ಲ. ಏನೈತೆ ಓದಪ್ಪ."

"ಹಂದಿಬಂಡೆ" ಅಂದರು ಹಿರಿಯರು.

ಹಂದಿಬಂಡೆ ಕೊಬ್ಬಿದ ಬಂಡೆ. ಎಲ್ಲಕ್ಕಿಂತ ಒಳ್ಳೆಯದಲ್ಲ, ಆದರೆ ನಂಬಿದವರನ್ನು ಕೈಬಿಡುವುದಿಲ್ಲ. ಅಜ್ಜಿ ಚಿಪ್ಪನ್ನು ಹಿರಿಯರಿಂದ ವಾಪಸು ತೆಗೆದುಕೊಂಡಳು. ಧಣಿ ಅದಕ್ಕಾಗಿ ಕೈ ಚಾಚಿದ. ಅಜ್ಜಿ ಕೊಡಲಿಲ್ಲ. ಸುತ್ತ ನೋಡಿದಳು. ಕಣ್ಣು ಕಾಣದವಳು ಏನು ನೋಡಿದಳೋ.

"ದೋಕ್ಸೂನ ಹೆಂಡ್ತಿ ಎಲ್ಲವ್ಳೆ?"

"ಇಲ್ಲಿದೀನಿ ಅಜ್ಜಿ" ಅಂದಳು ಯೋನ್‌ಸಿಲ್.

"ನನ್ನ ಕೈಲಿ ಕೆರಿಯಕ್ಕಾಗಲ್ಲ. ನೀನು ಕೆರಿ. ಬಂದ ಸೊಪ್ಪು ನೀನೇ ಇಟ್ಕೊ. ನಂಗೆ ದಿನಾ ಎರಡು ಹೊತ್ತು ಗಂಜಿ ಕೊಡು. ಬಿಸಿ ಗಂಜಿ. ಕರೆದು ಕೊಡು."

ಅಜ್ಜಿ ಚಿಪ್ಪನ್ನು ಅವಳ ಕೈಗಿಟ್ಟಳು.

"ಅಮ್ಮಾ!" ಅಂದ ಧಣಿ. "ಏನ್ಮಾಡ್ತಾ ಇದೀಯಾ? ಅದು ಮನೆ ಬಂಡೆ!"

"ಯಾವ ಮನೇದು?"

"ನಮ್ಮನೇದು!"

"ನಿಮ್ಮನೆ ಬ್ಯಾರೆ, ನಮ್ಮನೆ ಬ್ಯಾರೆ ಅಲ್ವೇನೋ? ಇವತ್ತು ಬೆಳಿಗ್ಗೆ ಹಿರಿಯರು ಹೇಳಲಿಲ್ವಾ?"

ಧಣಿ ಹಿರಿಯರ ಕಡೆ ತಿರುಗಿದ. ಹಿರಿಯರು ಚಿಲುಮೆಯೊಳಗೆ ಏನೋ ಸಿಕ್ಕಿಕೊಂಡಿದೆ ಅನ್ನುವಂತೆ ಅದನ್ನೇ ಇಣುಕಿ ನೋಡುತ್ತಿದ್ದರು.

"ಹೇಳಿ ಯಜಮಾನ್ರೇ" ಅಂದಳು ಉಲ್ಜಿನಕ್ಕ. "ಅಜ್ಜಿ ಬ್ಯಾರೆ ಅಲ್ಲ, ನಿಮ್ಮನೆಯವ್ರೇ ಅಂತೀರಾ? ಒಂದೇ ಮನೆ ಅಂತೀರಾ? ಜೋರಾಗಿ ಹೇಳಿ, ಹಿಂದೆ ಕೂತವ್ರಿಗೆ ಕೇಳ್ಸಲ್ಲ. ಒಂದೇ ಮನೆ ಅಂದ್ರೆ ಬುರುಡೇನ ತಿರುಗ ಕುಲುಕಾನ."

ಧಣಿಯ ಮಡಿಲಲ್ಲಿ ಐದು ಚಿಪ್ಪಿದ್ದವು. ತಾಯಿಯನ್ನು ತನ್ನ ಮನೆಗೆ ಸೇರಿಸಿಕೊಂಡರೆ ಐದರಲ್ಲಿ ನಾಲ್ಕು ಹೋಗುತ್ತವೆ. ತಾಯಿಯನ್ನು ಹೊರಗಿಟ್ಟರೆ ಒಂದು ಹೋಗುತ್ತದೆ. ಗು ಮಾನ್ಸೋಕ್ ವ್ಯಾಪಾರ ಬಲ್ಲವನು. ತಾಯಿಯನ್ನು ಹೊರಗಿಟ್ಟ.

"ಬೇರೆ" ಅಂದ. ಸಣ್ಣಗೆ ಅಂದ.

"ಕೇಳ್ಸಲಿಲ್ಲ!"

"ಬೇರೆ! ಬೇರೆ ಮನೆ!"

ಆಗ ಅವನ ಎರಡನೇ ಸೊಸೆ, ಈವರೆಗೆ ಊರಲ್ಲಿ ಯಾರೂ ಅವಳ ದನಿ ಕೇಳದವಳು, ಕೈಗಳನ್ನು ಒಂದಕ್ಕೊಂದು ಉಜ್ಜುತ್ತಾ ಮುಂದೆ ಬಂದಳು.

"ಮಾವ, ಹಾಗಾದ್ರೆ ನಮ್ಮ ಚಿಪ್ಪು... ನಮ್ಮನೇಲಿ ಇಟ್ಕೊಳ್ಳೋದಾ?"

ಅದಕ್ಕೆ ಧಣಿ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ಚಳಿಗಾಲ ಹೆಂಗಸರು ಮಾತು ಉಳಿಸಿಕೊಂಡರು. ಎಲ್ಲರೂ ಅಂದರೆ ಸುಳ್ಳಾದೀತು. ಮೂವರು ಹೆಂಗಸರು ಮಕ್ಕಳ ಹಸಿವಿಗೆ ಸೋತು ಧಣಿಯ ಬಂಡೆಗೆ ಹೋದರು, ಅವರನ್ನು ಯಾರೂ ಬೈಯಲಿಲ್ಲ. ಉಳಿದ ಬಂಡೆಗಳಿಗೆ ಧಣಿಯ ಮಕ್ಕಳೇ ಇಳಿಯಬೇಕಾಯಿತು. ಹೊಸ ರಬ್ಬರ್ ಬೂಟು ಹಾಕಿಕೊಂಡು ಬಂದ ದೊಡ್ಡ ಮಗ ಮೊದಲ ಅಲೆಗೇ ಕೂತುಬಿಟ್ಟ. ಎರಡನೆಯವನು ಮತ್ತು ಅವನ ಹೆಂಡತಿ ತಮ್ಮ ಬಂಡೆಯೊಂದನ್ನು ಮಾತ್ರ ಕೆರೆದರು. ಅದನ್ನು ಚೆನ್ನಾಗಿಯೇ ಕೆರೆದರು. ಅವರ ಒಲೆಯ ಮೇಲೆ ಈಗ ಅನ್ನ ಬೇಯುತ್ತದೆಯಂತೆ.

ಯೋನ್‌ಸಿಲ್ ಹೊಸವರ್ಷ ಕಳೆದ ಮೇಲೂ ದೋಲ್ಗುಮಿಯಲ್ಲೇ ಇದ್ದಳು. ಮಾಲ್ಸುನ್ ಮತ್ತು ಅವಳು ಮಂಜಿನ ನೀರಿನಲ್ಲಿ ಸೊಂಟದವರೆಗೆ ನಿಂತು ಹಂದಿಬಂಡೆ ಕೆರೆದರು, ಬೋಳುಬಂಡೆಯನ್ನೂ ಕೆರೆದರು. ಮಗು ದಂಡೆಯ ಮೇಲೆ ಹಿರಿಯಜ್ಜಿಯ ಮಡಿಲಲ್ಲಿ ಕೂತು ಕೈ ಬೀಸುತ್ತಿತ್ತು. ಬೆಳಿಗ್ಗೆ ಸಂಜೆ ಯೋನ್‌ಸಿಲ್ ಕೊಟ್ಟಿಗೆಯ ಮುಂದೆ ನಿಂತು "ಅಜ್ಜೀ, ಊಟಕ್ಕೆ ಬನ್ನಿ" ಎಂದು ಧಣಿಯ ಕೋಣೆಗೂ ಕೇಳುವ ಹಾಗೆ ಕರೆಯುತ್ತಿದ್ದಳು.

ಅಜ್ಜಿ ಇದನ್ನೆಲ್ಲ ತಿಳಿದು ಮಾಡಿದಳೋ ಅಂತ ಒಂದು ದಿನ ಮಾಲ್ಸುನ್ ಕೇಳಿಯೇಬಿಟ್ಟಳು. "ಅಜ್ಜಿ, ಮಗ ಹಂಗೆ ಸಿಕ್ಕೊಳ್ತಾನೆ ಅಂತ ನಿಮಗೆ ಗೊತ್ತಿತ್ತಾ?"

ಅಜ್ಜಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದಳು. "ಉಪ್ಪು ಸ್ವಲ್ಪ ಕಮ್ಮಿ ಕಣೆ" ಅಂದಳು.

ತಿಳಿದೇ ಮಾಡಿದಳು ಅನ್ನುತ್ತಾರೆ ಹೆಂಗಸರು. ಹಸಿವಿಗೆ ಮಾಡಿದಳು, ಮುದುಕಿಗೇನು ಗೊತ್ತು ಅನ್ನುತ್ತಾರೆ ಗಂಡಸರು. ಆ ಬೇಸಿಗೆಯಲ್ಲಿ ಅಜ್ಜಿ ಹೋದಳು, ಕೇಳಲು ಈಗ ಯಾರೂ ಇಲ್ಲ. ದೋಕ್ಸುವಿನ ಒಲೆಯನ್ನು ಹಿರಿಯರು ಇನ್ನೂ ಲೆಕ್ಕಕ್ಕೆ ಸೇರಿಸಿಲ್ಲ. ಮುಂದಿನ ಸಲ ಸೇರಿಸುತ್ತಾರೋ, ಸೇರಿಸದಿದ್ದರೆ ಹೆಂಗಸರು ಏನು ಮಾಡುತ್ತಾರೋ, ಯೋನ್‌ಸಿಲ್ ಊರಲ್ಲಿ ಉಳಿಯುತ್ತಾಳೋ, ನನಗೆ ಗೊತ್ತಿಲ್ಲ.